ನಲ್ವತ್ತೊಂದನೆಯ ಕೋಲು

ಒಂದು ತೂತು ಖಾಲಿ ಉಳಿಯಿತು.

ಕುವೈತಿನ ಸಾಲ್ಮಿಯಾದ ಆ ಹೋಟೆಲಿನ ದೊಡ್ಡ ಹಾಲಿನಲ್ಲಿ ಎ.ಸಿ. ಮೈ ಕೊರೆಯುವಷ್ಟು ಜೋರಾಗಿತ್ತು. ಆದರೂ ಕೊರಗಪ್ಪನ ಬೆನ್ನು ಬೆವರಿತು. ತಲೆಯ ಮೇಲೆ, ಹನ್ನೊಂದು ಅಡಿ ಎತ್ತರದಲ್ಲಿ, ಅವನೇ ಬಗ್ಗಿಸಿ ಮಾಡಿದ ಮರದ ಬಳೆ ನಿಂತಿತ್ತು. ಎತ್ತಿನಗಾಡಿಯ ಚಕ್ರದಷ್ಟು ಅಗಲದ ಬಳೆ. ಅದರ ಸುತ್ತ ಕೊರೆದ ತೂತುಗಳಿಗೆ ಕೆಂಪು ಬಣ್ಣ ಬಳಿದ ಬಾಗು ಕೋಲುಗಳ ತುದಿ ಬಂದು ಸೇರಿತ್ತು, ಬುಡವನ್ನು ಕೆಳಗಿನ ಜಾಲರಿ ಗೋಡೆಗೆ ಕಟ್ಟಿಯಾಗಿತ್ತು. ಬಾಗಿಲಿನ ಬಲಗಡೆಯ ಒಂದು ತೂತಿಗೆ ಮಾತ್ರ ಕೋಲಿಲ್ಲ. ಕೋಲುಗಳು ಮುಗಿದಿದ್ದವು. ಬಳೆ ಆ ಕಡೆಗೆ ಅರ್ಧ ಗೇಣು ವಾಲಿತ್ತು.

ಸಾಲ್ಕಿನ್ ಕತ್ತೆತ್ತಿ, ಬೆರಳಾಡಿಸುತ್ತ ಎಣಿಸಿದಳು. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಕಿರ್ಗಿಸ್ತಾನದ ರಾಯಭಾರ ಕಚೇರಿಯ ಸಭೆ ಸಮಾರಂಭಗಳೆಲ್ಲ ಐವತ್ತು ದಾಟಿದ ಈ ಹೆಂಗಸಿನ ತಲೆಯ ಮೇಲೆ. ಇವತ್ತು ಆಗಸ್ಟ್ ಮೂವತ್ತೊಂದು, ಅವರ ಸ್ವಾತಂತ್ರ್ಯ ದಿನ. ಸಂಜೆ ಏಳಕ್ಕೆ ಮುನ್ನೂರು ಅತಿಥಿಗಳು ಬರುತ್ತಾರೆ. ಈಗ ಬೆಳಿಗ್ಗೆ ಹನ್ನೊಂದು.

"ಉಸ್ತಾ," ಎಂದಳು. ಅವರಲ್ಲಿ ಕೈಕೆಲಸ ಬಲ್ಲವನನ್ನು ಹಾಗೆ ಕರೆಯುತ್ತಾರೆ. ಮುಂದಿನದನ್ನು ಕೊರಗಪ್ಪನಿಗೂ ತಿಳಿಯುವ ಸರಳ ಇಂಗ್ಲಿಷಿನಲ್ಲಿ ಕೇಳಿದಳು. "ನಲ್ವತ್ತೊಂದು ತೂತು ಯಾಕೆ?"

"ಒಂದು ಜಾಸ್ತಿ ಇಟ್ಟೆ ಮೇಡಂ. ಒಳ್ಳೆಯದಕ್ಕೆ."

ಹಿಂದೆ ನಿಂತಿದ್ದ ಡೋಲ್ಫಿಯವರ ಮುಖ ಕೆಂಪಾಯಿತು. ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ವಸ್ತುಪ್ರದರ್ಶನದ ಸ್ಟಾಲುಗಳನ್ನು ಕಟ್ಟಿಕೊಡುವ ಕಂಪನಿಯ ಮ್ಯಾನೇಜರ್ ಅವರು, ಕೊರಗಪ್ಪ ಅಲ್ಲಿನ ಮರದ ಮೇಸ್ತ್ರಿ.

"ಎಂತ ಮೇಸ್ತ್ರಿ ಇದು? ಡ್ರಾಯಿಂಗಲ್ಲಿ ನಲ್ವತ್ತು ಅಂತ ಇರ್ಲಿಲ್ವಾ?"

"ಇತ್ತು ಸರ್."

"ಮತ್ತೆ?"

"ನಲ್ವತ್ತಕ್ಕೆ ನಿಲ್ಲಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಶುಭದ ಕೆಲಸ ಅಲ್ವಾ ಸರ್, ಸೊನ್ನೆಯಲ್ಲಿ ಮುಗಿಸ್ಲಿಕ್ಕುಂಟಾ?"

ಡೋಲ್ಫಿಯವರೂ ಕೊರಗಪ್ಪನ ಹಾಗೆ ಕರಾವಳಿಯವರು. ಹಿಂದಿನ ತಿಂಗಳು ಊರಿನ ಬಿಜೈಯಲ್ಲಿ ಅಕ್ಕನ ಮಗಳ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರಕ್ಕೆ ಲಕೋಟೆ ಕೊಡುವಾಗ ಸಾವಿರಕ್ಕೆ ಒಂದು ರೂಪಾಯಿ ಸೇರಿಸಲು ತಮ್ಮನಿಗೆ ಫೋನಿನಲ್ಲಿ ಎರಡೆರಡು ಸಲ ನೆನಪಿಸಿದವರು. ಆದರೆ ಇದನ್ನೆಲ್ಲ ಗಿರಾಕಿಗೆ ಹೇಗೆ ವಿವರಿಸುವುದು?

ಸಾಲ್ಕಿನ್ ವೇದಿಕೆಯ ಮೇಲಿನ ಬಾವುಟದತ್ತ ಕೈ ತೋರಿಸಿದಳು. ಕೆಂಪು ಬಟ್ಟೆ, ನಡುವೆ ಹೊಂಬಣ್ಣದ ಸೂರ್ಯ, ಸೂರ್ಯನ ಹೊಟ್ಟೆಯಲ್ಲಿ ಇದೇ ಬಳೆ. "ಆ ಸೂರ್ಯನಿಗೆ ನಲ್ವತ್ತು ಕಿರಣ. ನಲ್ವತ್ತು ಬುಡಕಟ್ಟುಗಳು ಸೇರಿ ನಾವು ಒಂದು ಜನ ಆದದ್ದು. ನಮ್ಮ ಮಕ್ಕಳು ಎಣಿಸಲು ಕಲಿಯುವುದೇ ಅದನ್ನು ನೋಡಿ, ಉಸ್ತಾ."

ಕೊರಗಪ್ಪನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಹೆದರಿಕೆಗೆ ಕಾರಣವಿತ್ತು. ಕೊರಗಪ್ಪ ಬೆಂಗ್ರೆಯವನು, ದೋಣಿ ಕಟ್ಟುವವರ ಕೈಕೆಳಗೆ ಹಲಗೆಯನ್ನು ಆವಿಯಲ್ಲಿ ಬೇಯಿಸಿ ಬಗ್ಗಿಸಲು ಕಲಿತವನು. ಫೈಬರ್ ದೋಣಿಗಳು ಬಂದು ಆ ಕೆಲಸ ಮುಗಿದಾಗ ಕುವೈತಿಗೆ ಬಂದ. ಇಪ್ಪತ್ತಾರು ವರ್ಷಗಳಾದವು. ಇಲ್ಲಿ ಅವನು ಮಾಡಿದ್ದೆಲ್ಲ ಮೂರು ದಿನ ಬಾಳುವ ವಸ್ತುಗಳು. ಚಾಕಲೇಟು ಕಂಪನಿಗೆ ಅರಮನೆ, ಬ್ಯಾಂಕಿಗೆ ಹಾಯಿ ಹಡಗು, ಅತ್ತರಿನ ಅಂಗಡಿಗೆ ಆಳೆತ್ತರದ ಗುಲಾಬಿ. ಪ್ರದರ್ಶನ ಮುಗಿದ ಮರುದಿನ ಅವನೇ ಸುತ್ತಿಗೆ ಹಿಡಿದು ಒಡೆಯಬೇಕು, ವರ್ಕ್‌ಶಾಪಿನ ಎದುರಿನ ಕಬ್ಬಿಣದ ಕಚಡಾ ತೊಟ್ಟಿಗೆ ಎಸೆಯಬೇಕು. ಉಳ್ಳಾಲದ ನಿಸಾರ್ ಲಾರಿ ತಂದು ಆ ತೊಟ್ಟಿಯನ್ನು ಎತ್ತಿಕೊಂಡು ಹೋಗುತ್ತಾನೆ. "ನೀವು ಮಾಡಿದ್ದನ್ನೆಲ್ಲ ಕೊನೆಗೆ ನೋಡುವುದು ನಾನೇ ಅಲ್ವಾ ಕೊರಗಪ್ಪಣ್ಣ?" ಎಂದು ನಗುತ್ತಾನೆ. ಕೊರಗಪ್ಪನೂ ನಗುತ್ತಾನೆ, ಆದರೆ ತೊಟ್ಟಿಯ ಕಡೆ ಕಣ್ಣು ಹಾಯಿಸುವುದಿಲ್ಲ. ಊರಿನಲ್ಲಿರುವ ಮಗಳು ಅಕ್ಷಿತಾ ಒಮ್ಮೆ ಫೋನಿನಲ್ಲಿ, "ಅಪ್ಪಾ, ನಾವು ಅಲ್ಲಿಗೆ ಬಂದ್ರೆ ನೀವು ಮಾಡಿದ್ದನ್ನು ತೋರಿಸ್ತೀರಾ?" ಎಂದು ಕೇಳಿದ್ದಳು. ತೋರಿಸಲು ಅವನ ಬಳಿ ಒಂದು ಸ್ಟೂಲೂ ಇರಲಿಲ್ಲ.

ಹದಿನೈದು ದಿನಗಳ ಹಿಂದೆ ಸಾಲ್ಕಿನ್ ವರ್ಕ್‌ಶಾಪಿಗೆ ಬಂದಳು. ಅವರ ನಾಡಿನ ಗುಂಡು ಡೇರೆಮನೆಗೆ ಹೊದಿಸುವ ಉಣ್ಣೆಯ ಕಂಬಳಿಗಳು ವಿಮಾನದಲ್ಲಿ ಬಂದಿದ್ದವು, ಮರದ ಚೌಕಟ್ಟು ಮಾತ್ರ ಹಡಗಿನಲ್ಲಿ ಎಲ್ಲೋ ಸಿಕ್ಕಿಬಿದ್ದಿತ್ತು. ಕಂಪ್ಯೂಟರ್ ಹೇಳಿದಂತೆ ಹಲಗೆ ಕತ್ತರಿಸುವ ಯಂತ್ರವನ್ನು ನಡೆಸುವ ರೋಶನ್, ಪ್ಲೈವುಡ್ಡಿನಲ್ಲಿ ಒಂದೇ ದಿನಕ್ಕೆ ಮಾಡಿಕೊಡುತ್ತೇನೆ ಎಂದ. ಅವಳು ಪ್ಲೈಯನ್ನು ಉಗುರಿನಿಂದ ಕೆರೆದು ನೋಡಿ ತಲೆಯಾಡಿಸಿದಳು. ಪ್ಲೈ ಬೇಡ, ಮೊಳೆ ಬೇಡ, ಬಗ್ಗಿಸಿದ ಮರವೇ ಬೇಕು. ಆಗ ಹಿಂದಿನಿಂದ ಕೊರಗಪ್ಪ, "ಬಗ್ಗಿಸ್ಬಹುದು," ಎಂದ. ಎಷ್ಟೋ ವರ್ಷಗಳ ಮೇಲೆ ಯಾರೂ ಕೇಳದೆಯೇ ಬಾಯಿಂದ ಬಂದ ಮಾತು ಅದು.

ಡೇರೆಮನೆಯ ನೆತ್ತಿಯಲ್ಲಿ ನಿಲ್ಲುವ ಆ ಬಳೆಗೆ ತುಂಡುಕ್ ಎಂದು ಹೆಸರು. ಕಂಬಳಿ ಹರಿಯುತ್ತದೆ, ಗೋಡೆ ಮುರಿಯುತ್ತದೆ, ಎರಡನ್ನೂ ಹೊಸದಾಗಿ ಮಾಡಿಕೊಳ್ಳುತ್ತಾರೆ. ತುಂಡುಕನ್ನು ಮಾತ್ರ ಎಸೆಯುವುದಿಲ್ಲ. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೋಗುತ್ತದೆ. "ನನ್ನ ಅಣ್ಣನ ಮಗನಿಗೆ ಅಕ್ಟೋಬರಿನಲ್ಲಿ ಮದುವೆ," ಎಂದಿದ್ದಳು ಸಾಲ್ಕಿನ್. "ಇದು ಚೆನ್ನಾಗಿ ಬಂದರೆ ಅವನ ಮನೆಗೇ ಕಳಿಸುತ್ತೇನೆ."

ಅಂದಿನಿಂದ ಕೊರಗಪ್ಪನ ಕಾಲು ನೆಲದ ಮೇಲಿರಲಿಲ್ಲ. ಮೈದಾನ್ ಹವಲ್ಲಿಯ ರೂಮಿನಲ್ಲಿ ಬೆಳಗ್ಗಿನ ಚಹಾ ಆರುವ ಮೊದಲೇ ಕಂಪನಿ ಬಸ್ಸಿಗೆ ಓಡುತ್ತಿದ್ದ. ಕೋಲನ್ನು ಆವಿಯಲ್ಲಿ ಬೇಯಿಸಿ, ಅಚ್ಚಿಗೆ ಕಟ್ಟಿ, ಎರಡು ದಿನ ಬಿಟ್ಟು ಬಿಚ್ಚುವಾಗ ಅದು ಬಾಗಿದಂತೆಯೇ ನಿಂತರೆ ಅವನಿಗೆ ಕುಣಿಯಬೇಕೆನಿಸುತ್ತಿತ್ತು. ಆ ಖುಷಿಯಲ್ಲೇ ಒಂದು ತೂತು, ಒಂದು ಕೋಲು ಹೆಚ್ಚಿಗೆ ಮಾಡಿದ್ದು.

"ರೋಶನ್‌ಗೆ ಹೇಳಿ ಪ್ಲೈಯಲ್ಲಿ ನಲ್ವತ್ತರ ಬಳೆ ಮಾಡಿಸ್ತೇನೆ," ಎನ್ನುತ್ತ ಡೋಲ್ಫಿ ಫೋನು ತೆಗೆದರು. "ಪೇಂಟ್ ಹೊಡೆದ್ರೆ ಯಾರಿಗೆ ಗೊತ್ತಾಗ್ತದೆ?"

"ಮತ್ತೆ ಇದು?"

"ಇದು ಖಲಾಸ್ ಮಾರಾಯ. ನಲ್ವತ್ತೊಂದರದ್ದು ಯಾರಿಗೆ ಬೇಕು?"

ಕೊರಗಪ್ಪ ಸಾಲ್ಕಿನ್‌ಳ ಮುಖ ನೋಡಿದ. ಅವಳು ವೇದಿಕೆಯ ಮೆಟ್ಟಿಲ ಮೇಲೆ ಕೂತು ಬಳೆಯನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡ. ಅವಳು ನಗುತ್ತಿದ್ದಳು.

"ಅಜ್ಜಿಯ ಕಾಳು," ಎಂದಳು. "ಅಜ್ಜಿಯ ಬಳಿಯೂ ನಲ್ವತ್ತೊಂದೇ ಇದ್ದದ್ದು!"

ಆಮೇಲೆ ಹೇಳಿದಳು. ಸಾವಿರದ ಒಂಬೈನೂರ ತೊಂಬತ್ತೊಂದು, ಅವಳಿಗೆ ಹದಿನೇಳು. ಮಾಸ್ಕೋದ ಬೀದಿಗಳಲ್ಲಿ ಟ್ಯಾಂಕುಗಳು ಇಳಿದಿವೆ ಎಂದು ಆಗಸ್ಟಿನಲ್ಲಿ ರೇಡಿಯೋ ಹೇಳಿತು. ಅಣ್ಣ ಸೋವಿಯತ್ ಸೈನ್ಯದಲ್ಲಿ, ಎಲ್ಲೋ ಉತ್ತರದ ಹಿಮದಲ್ಲಿದ್ದ. ಅಜ್ಜಿ ದಿನಾ ಬೆಳಿಗ್ಗೆ ಬಟ್ಟೆಯ ಮೇಲೆ ಕಾಳು ಹರಡಿ ಮೊಮ್ಮಗನ ಸುದ್ದಿ ಕೇಳುತ್ತಿದ್ದಳು. "ನಲ್ವತ್ತೊಂದು ಕಾಳು. ನಲ್ವತ್ತಿದ್ದರೆ ಕಾಳು ಬಾಯಿ ಬಿಡುವುದಿಲ್ಲ ಅನ್ನುತ್ತಿದ್ದಳು."

"ನಮ್ಮಲ್ಲಿ ಕವಡೆ ಇಟ್ಟು ಕೇಳ್ತಾರೆ," ಎಂದ ಕೊರಗಪ್ಪ. "ಹಾಗೇ."

"ಮೂವತ್ತೊಂದಕ್ಕೆ ರೇಡಿಯೋ ಇನ್ನೊಂದು ಹೇಳಿತು. ನಾವು ಈಗ ಸ್ವತಂತ್ರ ದೇಶವಂತೆ! ನಮ್ಮ ಹಳ್ಳಿಯಲ್ಲಿ ಯಾರೂ ಒಂದು ಕಲ್ಲೂ ಎಸೆದಿರಲಿಲ್ಲ. ಪಕ್ಕದ ಮನೆಯವ ಕುರಿ ಕಡಿದ. ಶಾಲೆಯ ಮೇಷ್ಟ್ರು ಅತ್ತರು, ಖುಷಿಗೋ ಹೆದರಿಕೆಗೋ ಅವರಿಗೇ ತಿಳಿಯಲಿಲ್ಲ. ಅಜ್ಜಿ ಮಾತ್ರ, ಹಾಗಾದರೆ ನನ್ನ ಮೊಮ್ಮಗ ಈಗ ಯಾರ ಸಿಪಾಯಿ ಎಂದು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಕಾಳು ಹರಡಿ ನೋಡಿ, ಹೊರಟಿದ್ದಾನೆ ಅಂದಳು. ಜನವರಿಯ ಹಿಮದಲ್ಲಿ ಅಣ್ಣ ಬಂದ. ಅಷ್ಟರಲ್ಲಿ ಸೋವಿಯತ್ ದೇಶವೇ ಇರಲಿಲ್ಲ. ಅದರ ಬೆಲ್ಟು ಮಾತ್ರ ಅವನ ಸೊಂಟದಲ್ಲಿತ್ತು."

ಡೋಲ್ಫಿಯವರ ಫೋನಿನಲ್ಲಿ ರೋಶನ್ "ಹಲೋ, ಹಲೋ" ಎನ್ನುತ್ತಲೇ ಇದ್ದ. ಅವರಿಗೆ ಕೇಳಿಸುತ್ತಿರಲಿಲ್ಲ.

"ತೊಂಬತ್ತರಲ್ಲಿ ನಾನು ಇಲ್ಲೇ ಫರ್ವಾನಿಯಾದಲ್ಲಿದ್ದೆ ಮೇಡಂ," ಎಂದರು, ಎಂದೂ ಇಲ್ಲದ ಸಣ್ಣ ದನಿಯಲ್ಲಿ. "ಆಗಸ್ಟ್ ಎರಡಕ್ಕೆ ಎದ್ದು ನೋಡಿದರೆ ಪಕ್ಕದ ದೇಶದ ಸೈನ್ಯ ನುಗ್ಗಿ ಕುವೈತೇ ಇಲ್ಲ. ಒಂದು ಬ್ಯಾಗು ಹಿಡಿದು ಜೋರ್ಡಾನಿಗೆ ಓಡಿದೆವು. ನಿಮಗೆ ಆಗಸ್ಟಿನಲ್ಲಿ ದೇಶ ಬಂತು. ನಾವಿದ್ದ ದೇಶ ಆಗಸ್ಟಿನಲ್ಲೇ ಹೋಗಿತ್ತು."

ಸಾಲ್ಕಿನ್ ಎದ್ದು ರಾಯಭಾರಿಗೆ ಫೋನು ಮಾಡಿದಳು. ಅವರ ಭಾಷೆಯಲ್ಲಿ ಮಾತು ಉದ್ದಕ್ಕೆ ಹೋಯಿತು. ಒಮ್ಮೆ ದನಿ ಏರಿತು, ಒಮ್ಮೆ ನಕ್ಕಳು. ಫೋನಿಟ್ಟು ಕೊರಗಪ್ಪನ ಮುಂದೆ ಬಂದು ನಿಂತಳು.

"ನಲ್ವತ್ತು ಕೆಂಪಗಿರಲಿ. ಒಂದು ಬಣ್ಣವಿಲ್ಲದೆ ಹಾಗೇ ಇರಲಿ ಅಂದೆ. ಒಪ್ಪಿದರು. ಆದರೆ ಮುನ್ನೂರು ಜನರ ಮುಂದೆ ಅದು ವಾಲಬಾರದು. ನಿಂತರೆ ನನ್ನ ಅಣ್ಣನ ಮಗನಿಗೆ ಹೋಗುತ್ತದೆ. ಉಸ್ತಾ, ಆ ಇನ್ನೊಂದು ಕೋಲು ಎಲ್ಲಿ?"

ಬಣ್ಣ ಬಳಿಯಲು ಅವರ ಕಡೆಯ ಹೆಂಗಸರು ನಲ್ವತ್ತು ಕೋಲನ್ನು ಎಣಿಸಿ ಒಯ್ದಿದ್ದರು. ಉಳಿದದ್ದನ್ನು ವರ್ಕ್‌ಶಾಪಿನಲ್ಲಿ ಗೋಡೆಗೆ ಒರಗಿಸಿಟ್ಟ ನೆನಪು ಕೊರಗಪ್ಪನಿಗಿತ್ತು. ಕೊರಗಪ್ಪ ಡೋಲ್ಫಿಯವರ ಕೈಯಿಂದ ಫೋನನ್ನು ಕಿತ್ತುಕೊಂಡೇ ಬಿಟ್ಟ.

"ರೋಶನ್, ಅಲ್ಲಿ ಒಂದು ಬಿಳಿ ಕೋಲು ಉಂಟಲ್ಲ?"

"ಯಾವುದು, ಆ ಸ್ಪೇರಾ? ಅದನ್ನು ಕ್ಲೀನ್ ಮಾಡುವಾಗ ತೊಟ್ಟಿಗೆ ಹಾಕಿದೆ ಮೇಸ್ತ್ರಿ."

"ತೆಗಿ ಮಾರಾಯ! ಈಗಲೇ ತೆಗಿ!"

"ತೊಟ್ಟಿ ಎಲ್ಲಿದೆ? ನಿಸಾರಣ್ಣ ಬೆಳಿಗ್ಗೆಯೇ ಎತ್ತಿಕೊಂಡು ಹೋದ್ರಲ್ಲ."

ಹೊಸ ಕೋಲು ಮಾಡುವಂತಿಲ್ಲ, ಅಚ್ಚಿಗೇ ಎರಡು ದಿನ ಬೇಕು. ನಿಸಾರನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಎರಡನೇ ಸಲವೂ ಇಲ್ಲ. ಆರನೇ ಸಲಕ್ಕೆ ಎತ್ತಿದ.

"ಕೊರಗಪ್ಪಣ್ಣ, ಕಚಡಾ ಯಾರ್ಡಿನ ಲೈನಲ್ಲಿ ಇದ್ದೇನೆ. ನನ್ನ ಮುಂದೆ ಬರೀ ಮೂರು ಲಾರಿ ಉಂಟು. ಖಾಲಿ ಮಾಡಿ ಫೋನ್ ಮಾಡ್ತೇನೆ."

"ಖಾಲಿ ಮಾಡ್ಬೇಡ!" ಕೊರಗಪ್ಪ ಕಿರುಚಿದ ರಭಸಕ್ಕೆ ಮೇಜಿಗೆ ಬಟ್ಟೆ ಹಾಸುತ್ತಿದ್ದ ಬೇರರ್‌ಗಳೆಲ್ಲ ತಿರುಗಿದರು. "ನಿಸಾರ್, ಲೈನಿಂದ ಹೊರಗೆ ಬಾ. ನಿನ್ನ ದಮ್ಮಯ್ಯ!"

ಮುಂದಿನ ಒಂದು ಗಂಟೆ ನಿಸಾರ್ ನಲ್ವತ್ತೆಂಟು ಡಿಗ್ರಿ ಬಿಸಿಲಿನಲ್ಲಿ, ಬಾಣಲೆಯಷ್ಟು ಕಾದ ತೊಟ್ಟಿಯೊಳಗೆ ಇಳಿದು, ಮುರಿದ ಸ್ಟಾಲುಗಳ ರಾಶಿಯನ್ನು ಮಗುಚಿದ. ಸಿಕ್ಕಿದ ಕೋಲುಗಳ ಚಿತ್ರವನ್ನು ವಾಟ್ಸಾಪಿನಲ್ಲಿ ಒಂದೊಂದಾಗಿ ಕಳಿಸಿದ. ಪರದೆಯ ಸರಳು. ಅಲ್ಲ. ಪೊರಕೆಯ ಹಿಡಿ. ಅಲ್ಲ ಮಾರಾಯ! ಏಳನೆಯ ಚಿತ್ರ ನೋಡಿ ಕೊರಗಪ್ಪ ಫೋನನ್ನು ಹಣೆಗೆ ಒತ್ತಿಕೊಂಡ. ಅದೇ ಬಾಗು, ಅದೇ ಬಿಳುಪು. ಎಂಟು ಅಡಿಯ ಕೋಲು, ಟ್ಯಾಕ್ಸಿಯಲ್ಲಿ ಹಿಡಿಸುವಂಥದ್ದಲ್ಲ. ಬೇರೆ ಎರಡು ತೊಟ್ಟಿ ಎತ್ತುವುದು ಬಾಕಿ ಇದೆ, ಮುಗಿಸಿ ಐದಕ್ಕೆ ಲಾರಿಯಲ್ಲೇ ತರುತ್ತೇನೆ ಎಂದ ನಿಸಾರ್.

ಡೋಲ್ಫಿ ಮೆತ್ತಗಾಗಿದ್ದರೂ ಮ್ಯಾನೇಜರ್ ಮ್ಯಾನೇಜರೇ. ರೋಶನ್‌ನಿಂದ ಪ್ಲೈ ಬಳೆಯನ್ನೂ ಮಾಡಿಸಿದರು. ಐದು ಗಂಟೆಗೆ ರೋಶನ್ ಅದನ್ನು ತಂದು ಹಿಂಬಾಗಿಲ ಬಳಿ ಗೋಡೆಗೆ ಒರಗಿಸಿದ. ಸರಿಯಾಗಿ ನಲ್ವತ್ತು ತೂತು, ಬಣ್ಣ ಇನ್ನೂ ಹಸಿ. ಊಟವನ್ನೂ ಬಿಟ್ಟು ಮಾಡಿದ್ದ. ನಿಜ ಹೇಳಬೇಕೆಂದರೆ ಅಚ್ಚುಕಟ್ಟಾಗಿಯೇ ಇತ್ತು. ಕೊರಗಪ್ಪ ಅದರತ್ತ ಬೆನ್ನು ಮಾಡಿ ನಿಂತ.

ಆರಕ್ಕೆ ನಿಸಾರ್ ಐದನೇ ರಿಂಗ್ ರೋಡಿನಲ್ಲಿ ಸಿಕ್ಕಿಬಿದ್ದಿದ್ದ. ಏಳಕ್ಕೂ ಅಲ್ಲೇ ಇದ್ದ.

ಹಾಲ್ ತುಂಬಿತು. ಸೂಟಿನವರು, ಬಿಳಿ ನಿಲುವಂಗಿ ದಿಶ್ದಾಶಾ ತೊಟ್ಟವರು, ಎತ್ತರದ ಬಿಳಿ ಉಣ್ಣೆ ಟೋಪಿಯ ಕಿರ್ಗಿಸ್ ಗಂಡಸರು. ತಟ್ಟೆಗಳಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ಪುಟ್ಟ ಉಂಡೆಗಳು ಬಂದವು. ಒಂದನ್ನು ಬಾಯಿಗೆ ಹಾಕಿಕೊಂಡ ಕೊರಗಪ್ಪನಿಗೆ ಸಿಹಿಯಿಲ್ಲದ ಬನ್ಸ್ ತಿಂದಂತಾಯಿತು. ರಾಯಭಾರಿ ಚಿಕ್ಕದಾಗಿ ಮಾತನಾಡಿದರು. ಬೇರೆ ದೇಶದವರು ಈ ದಿನ ಕೇಕು ಕತ್ತರಿಸುತ್ತಾರೆ, ನಾವು ಮನೆ ಎತ್ತುತ್ತೇವೆ ಎಂದರು. ಜನ ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಪರೀಕ್ಷೆಗೆಂದು ಕಟ್ಟಿದ್ದ ಬಳೆ, ಕೋಲುಗಳನ್ನು ಮಧ್ಯಾಹ್ನವೇ ಬಿಚ್ಚಿಟ್ಟಿದ್ದರು. ಕುವೈತಿನಲ್ಲಿ ದುಡಿಯುವ ನಲ್ವತ್ತು ಮಂದಿ ಕಿರ್ಗಿಸರು, ನರ್ಸುಗಳು, ಹೋಟೆಲಿನ ಹುಡುಗಿಯರು, ಒಬ್ಬ ಕುಸ್ತಿ ಕಲಿಸುವವ, ಒಂದೊಂದು ಕೆಂಪು ಕೋಲು ಹಿಡಿದು ಜಾಲರಿಯ ಸುತ್ತ ನಿಂತರು.

"ಪ್ಲೈಯದ್ದೇ ಎತ್ತುವ ಮೇಸ್ತ್ರಿ," ಡೋಲ್ಫಿ ಕಿವಿಯಲ್ಲಿ ಹೇಳಿದರು. ಅವರ ದನಿಯಲ್ಲೂ ನಿರಾಸೆಯಿತ್ತು. "ಎಂತ ಮಾಡುವುದು, ಟೈಮ್ ಆಯ್ತು."

ಕೊರಗಪ್ಪ ಸಾಲ್ಕಿನ್ ಕಡೆ ತಿರುಗಿದ. ಅವಳು ಬಾಗಿಲು ನೋಡಿದಳು, ರಾಯಭಾರಿಯನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ನಿನ್ನದನ್ನೇ ಎತ್ತು ಉಸ್ತಾ."

ಕವಲು ಕಂಬದ ತುದಿಗೆ ಬಳೆಯನ್ನು ಸಿಕ್ಕಿಸಿ, ಜಾಲರಿಯ ನಡುವೆ ನಿಂತು ಕೊರಗಪ್ಪ ಎತ್ತಿದ. ಮೂರು ತಂತಿಯ ವಾದ್ಯವೊಂದು ಕುದುರೆ ಓಡಿದ ಹಾಗೆ ನುಡಿಯತೊಡಗಿತು. ಒಬ್ಬೊಬ್ಬರಾಗಿ ಬಂದು ಕೋಲು ಸಿಕ್ಕಿಸಿದರು, ಪ್ರತಿ ಕೋಲಿಗೂ ಜನ ಅವರ ಭಾಷೆಯಲ್ಲಿ ಕೂಗಿ ಎಣಿಸಿದರು. ಹತ್ತಾಯಿತು, ಇಪ್ಪತ್ತಾಯಿತು. ಭಾರ ಹೆಚ್ಚುತ್ತಿದ್ದರೂ ಕೊರಗಪ್ಪನ ಬಾಯಿ ತಾನಾಗಿ ನಗುತ್ತಿತ್ತು. ನೀರಿಗೆ ಇಳಿಯುವ ಹೊಸ ದೋಣಿಯನ್ನು ತಳ್ಳುವಾಗ ಹೀಗೇ ಆಗುತ್ತಿತ್ತು. ಮೂವತ್ತೈದು. ನಲ್ವತ್ತು!

ಚಪ್ಪಾಳೆ ಬಿತ್ತು. ಕಂಬವನ್ನು ಒಂದಿಷ್ಟು ಸಡಿಲಿಸಿದ ಕೂಡಲೇ ಬಳೆ ಬಲಕ್ಕೆ ವಾಲಿತು. ಕೊರಗಪ್ಪ ಥಟ್ಟನೆ ಮತ್ತೆ ಒತ್ತಿ ಹಿಡಿದ. ವಾದ್ಯ ನುಡಿಯುತ್ತಲೇ ಇತ್ತು. ಇನ್ನು ಐದು ನಿಮಿಷ ಹಿಡಿಯಬಲ್ಲೆ, ಹೆಚ್ಚೆಂದರೆ ಹತ್ತು, ಎಂದುಕೊಂಡ.

ಅಷ್ಟರಲ್ಲಿ ಡೋಲ್ಫಿಯವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. "ಗೇಟಲ್ಲಿ ಇದ್ದೇನೆ ಸರ್! ಸೆಕ್ಯುರಿಟಿಯವ ಕಚಡಾ ಲಾರಿ ಒಳಗೆ ಬಿಡುವುದಿಲ್ಲ ಅಂತಾನೆ!" ಐವತ್ತೆಂಟರ ಡೋಲ್ಫಿ ಟೈಯನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದರು. ಪುಟ್ಟ ಬಾವುಟ ಹೊತ್ತ ರಾಯಭಾರಿಗಳ ಕಾರುಗಳ ಸಾಲಿಗೆ ಅಡ್ಡವಾಗಿ ನಿಸಾರನ ಲಾರಿ ನಿಂತಿತ್ತು. ಹಿಂದೆ ಹಾರ್ನುಗಳ ಮೇಲೆ ಹಾರ್ನು. "ಲಾರಿ ಅಲ್ಲೇ ಇರ್ಲಿ! ನೀನು ಬಾ! ಯಲ್ಲಾ!"

ಹಾಲಿನ ಬಾಗಿಲು ತೆರೆಯಿತು. ಹೆಗಲ ಮೇಲೆ ಎಂಟಡಿಯ ಬಿಳಿ ಕೋಲು, ಮೈಯೆಲ್ಲ ಧೂಳು, ಹರಿದ ತೋಳಿನ ಅಂಗಿ. ನಿಸಾರ್ ಒಳಗೆ ಬಂದವನೇ ಮುನ್ನೂರು ಮುಖಗಳನ್ನು ಕಂಡು ನಿಂತುಬಿಟ್ಟ. ಕೋಲನ್ನು ತೆಗೆದುಕೊಳ್ಳಲು ಯಾರೋ ಕೈ ಚಾಚಿದರು. ಸಾಲ್ಕಿನ್ ಆ ಕೈಯನ್ನು ಸರಿಸಿ, ನಿಸಾರನಿಗೆ ಖಾಲಿ ತೂತು ತೋರಿಸಿದಳು.

"ನೀನೇ ಹಾಕು."

"ನಾನಾ?" ಎಂದು ಅವನು ಕೊರಗಪ್ಪನನ್ನು ಕೇಳಿದ.

"ಹಾಕು ಮಾರಾಯ, ನನ್ನ ಕೈ ಬೀಳ್ತದೆ!"

ಮೊದಲ ಸಲ ತುದಿ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಮೂರನೆಯ ಸಲ ಮರ ಮರದೊಳಗೆ ಕೂತ ಸದ್ದು ಕೇಳಿಸಿತು. ಬುಡವನ್ನು ಜಾಲರಿಗೆ ಕಟ್ಟಿದರು. ಕೊರಗಪ್ಪ ಕಂಬವನ್ನು ಮೆಲ್ಲಗೆ ತಗ್ಗಿಸಿದ. ಒಂದಂಗುಲ, ಒಂದು ಗೇಣು, ಒಂದು ಮೊಳ. ಬಳೆ ಅಲ್ಲೇ, ನೇರವಾಗಿ, ತಾನಾಗಿ ನಿಂತಿತು.

ಆ ಕೂಗಿಗೆ ದೀಪದ ಗೊಂಚಲುಗಳು ಅಲುಗಿದವು ಎಂದು ಡೋಲ್ಫಿ ಆಮೇಲೆ ಎಲ್ಲರಿಗೂ ಹೇಳುತ್ತಿದ್ದರು. ಕುಸ್ತಿ ಕಲಿಸುವವ ನಿಸಾರನನ್ನು ಎತ್ತಿ ತಿರುಗಿಸಿದ. ರೋಶನ್ ಮೇಜಿನ ಮೇಲೆ ಹತ್ತಿ ವಿಡಿಯೋ ಮಾಡುತ್ತಿದ್ದ. ಕೊರಗಪ್ಪ ಬಳೆಯ ನೇರ ಕೆಳಗೆ ಕೂತುಬಿಟ್ಟ. ಬಿಳಿ ಕೋಲಿನ ಮೇಲೆ ನಿಸಾರನ ಬೆರಳುಗಳ ಕರಿ ಗುರುತು ಮೂಡಿತ್ತು. ಒಬ್ಬ ಬೇರರ್ ಅದನ್ನು ಒರೆಸಲು ಬಟ್ಟೆ ತಂದ. ಸಾಲ್ಕಿನ್ ಬೇಡವೆಂದಳು.

ಬಿಚ್ಚುವಾಗ ಬಳೆಯನ್ನು ಅವಳೇ ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿದಳು, ಅಣ್ಣನ ಊರಿನ ವಿಳಾಸ ಬರೆದ ಚೀಟಿ ಅಂಟಿಸಿದಳು. ನಲ್ವತ್ತು ಕೆಂಪು ಕೋಲು ಒಂದು ಕಟ್ಟಾಯಿತು. ನಲ್ವತ್ತೊಂದನೆಯದನ್ನೂ ಅದರೊಳಗೇ ಸೇರಿಸಿದಳು.

ಮರುದಿನ ಬೆಳಿಗ್ಗೆ ಕೊರಗಪ್ಪ ಬಸ್ಸಿಳಿದಾಗ ನಿಸಾರ್ ತೊಟ್ಟಿಗೆ ಸರಪಳಿ ಸಿಕ್ಕಿಸುತ್ತಿದ್ದ. ರಾತ್ರಿಯೇ ಹೋಟೆಲಿನಿಂದ ತಂದು ಹಾಕಿದ ಸಾಮಾನು ಅದರಲ್ಲಿತ್ತು.

"ಇವತ್ತು ನಿಮ್ಮದು ಏನೂ ಇಲ್ಲ ಕೊರಗಪ್ಪಣ್ಣ," ಎಂದು ನಿಸಾರ್ ನಕ್ಕ.

ಕೊರಗಪ್ಪ ತೊಟ್ಟಿಯ ಅಂಚು ಹಿಡಿದು ಒಳಗೆ ಇಣುಕಿದ. ಹರಿದ ಬ್ಯಾನರು, ಹಗ್ಗದ ತುಂಡು, ಬಾಡಿದ ಹೂವು. ಅದರ ಮೇಲೆ ರೋಶನ್ ಮಾಡಿದ ಪ್ಲೈಯ ಬಳೆ ಬಿದ್ದಿತ್ತು, ನಲ್ವತ್ತು ತೂತುಗಳಲ್ಲಿ ಒಂದಕ್ಕೂ ಕೋಲಿನ ತುದಿ ಸೋಕಿರಲಿಲ್ಲ.

"ಒಂದು ನಿಮಿಷ ನಿಲ್ಲು."

ಒಳಗೆ ಇಳಿದು ಬಳೆಯನ್ನು ಎತ್ತಿಕೊಂಡ. ಅಂಗಿಯ ತುದಿಯಿಂದ ಧೂಳು ಒರೆಸಿ, ವರ್ಕ್‌ಶಾಪಿನ ಒಳಗೆ ತಂದು, ಯಂತ್ರದ ಎದುರಿನ ಗೋಡೆಗೆ ಎರಡು ಮೊಳೆ ಹೊಡೆದು ತೂಗುಹಾಕಿದ. ಎಂಟು ಗಂಟೆಗೆ ರೋಶನ್ ಬಂದ. ಗೋಡೆ ನೋಡಿದ, ಕೊರಗಪ್ಪನನ್ನು ನೋಡಿದ. ಬಳೆಯ ಅಂಚನ್ನು ಒಮ್ಮೆ ಮುಟ್ಟಿ, ಯಂತ್ರದ ಸ್ವಿಚ್ಚು ಹಾಕಿದ.